ಟಾಮ್‌ಕ್ಯಾಟ್ ಹಳೆಯ ಪುಟವನ್ನೇ ತೋರಿಸುತ್ತಿದೆಯೇ? ಕ್ಯಾಶ್ ಎಲ್ಲಿದೆ ಎಂದು ಪದರ ಪದರವಾಗಿ ಹುಡುಕುವ ಸಮಗ್ರ ಮಾರ್ಗದರ್ಶಿ

"ಸರ್, ಫೈಲ್ ಬದಲಾಯಿಸಿದ್ದೇನೆ, ಪುಟ ಮಾತ್ರ ಹಳೆಯದೇ ಬರುತ್ತಿದೆ." ಹುಬ್ಬಳ್ಳಿಯಲ್ಲಿ ಕುಳಿತು ಸಣ್ಣ ಸಂಸ್ಥೆಗಳ ಸರ್ವರ್ ನೋಡಿಕೊಳ್ಳುವ ನನಗೆ ಮತ್ತೆ ಮತ್ತೆ ಬರುವ ಕರೆ ಇದು. ಟಾಮ್‌ಕ್ಯಾಟ್ ಎಂದರೆ ಜಾವಾದ ವೆಬ್ ಅಪ್ಲಿಕೇಶನ್‌ಗಳನ್ನು ಓಡಿಸುವ ಸರ್ವರ್ ತಂತ್ರಾಂಶ; ಕ್ಯಾಶ್ ಎಂದರೆ ಮತ್ತೆ ಬೇಗ ಕೊಡಲು ಎತ್ತಿಟ್ಟುಕೊಂಡ ಪ್ರತಿ. ಧಾರವಾಡದ ಕಾಲೇಜಿನಿಂದ ಬರುತ್ತದೆ, ಗದಗಿನ ಸಹಕಾರಿ ಸಂಘದಿಂದ ಬರುತ್ತದೆ, ಹಾವೇರಿ ಜಿಲ್ಲೆಯ ಮೆಣಸಿನಕಾಯಿ ವ್ಯಾಪಾರಿಗಳಿಂದಲೂ ಬರುತ್ತದೆ. ಕರೆ ಮಾಡುವಷ್ಟರಲ್ಲಿ ಅವರು ಮಾಡಿ ಮುಗಿಸಿರುವ ಕೆಲಸಗಳೂ ಹೆಚ್ಚುಕಡಿಮೆ ಒಂದೇ: ಸರ್ವರ್ ಮೂರು ಸಲ ರೀಸ್ಟಾರ್ಟ್ ಆಗಿರುತ್ತದೆ, ಬ್ರೌಸರ್ ಹಿಸ್ಟರಿ ಪೂರ್ತಿ ಅಳಿಸಲಾಗಿರುತ್ತದೆ, ಟಾಮ್‌ಕ್ಯಾಟ್ ಸಿದ್ಧಪಡಿಸಿದ ಪುಟಗಳನ್ನು ಇಡುವ ವರ್ಕ್ ಫೋಲ್ಡರ್ ಖಾಲಿಯಾಗಿರುತ್ತದೆ.

ಬ್ಯಾಡಗಿಯ ಒಂದು ದಲ್ಲಾಳಿ ಅಂಗಡಿಯ ದರಪಟ್ಟಿ ಪುಟವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಡಬ್ಬಿ, ಕಡ್ಡಿ, ಗುಂಟೂರು ಎಂದು ಮೆಣಸಿನಕಾಯಿ ತಳಿಗಳ ಮೂರೇ ಸಾಲು, ಕ್ವಿಂಟಲ್ ಲೆಕ್ಕದ ದರ. ಹೊಸ ದರ ಹಾಕಿದರೂ ರೈತರ ಮೊಬೈಲಿನಲ್ಲಿ ಹಿಂದಿನ ಪೇಟೆಯ ದರವೇ ಕಾಣಿಸುತ್ತಿತ್ತು. ಅಲ್ಲಿನ ಹುಡುಗ ಕಣ್ಣಿಗೆ ಬಿದ್ದ ಎಲ್ಲವನ್ನೂ ಅಳಿಸಿ ರೀಸ್ಟಾರ್ಟ್ ಮಾಡಿದ, ಸರಿಹೋಯಿತು. ಮುಂದಿನ ಪೇಟೆಯ ದಿನ ಮತ್ತೆ ಅದೇ ತೊಂದರೆ. ಎಲ್ಲವನ್ನೂ ಒಮ್ಮೆಲೇ ಅಳಿಸಿದ್ದರಿಂದ, ಹಳೆಯ ದರವನ್ನು ಹಿಡಿದುಕೊಂಡಿದ್ದು ಯಾವುದು ಎಂಬುದರ ಸಾಕ್ಷ್ಯವೂ ಅಳಿದುಹೋಗಿತ್ತು. ಆ ಪುಟದ ಕಥೆಗೆ ಆರನೆಯ ಹಂತದಲ್ಲಿ ಮರಳುತ್ತೇನೆ.

ಅವಳಿನಗರದ ಬಹುತೇಕ ಬಡಾವಣೆಗಳಲ್ಲಿ ನೀರು ದಿನವೂ ಬರುವುದಿಲ್ಲ. ಮಲಪ್ರಭೆಯ ನೀರು ಮೊದಲು ಸಂಪಿಗೆ, ಸಂಪಿನಿಂದ ಮೇಲಿನ ಟ್ಯಾಂಕಿಗೆ, ಟ್ಯಾಂಕಿನಿಂದ ಅಡುಗೆಮನೆಯ ನಲ್ಲಿಗೆ. ನಲ್ಲಿಯ ನೀರು ವಾಸನೆ ಬಂದರೆ ಯಾರೂ ಸಂಪನ್ನೂ ಟ್ಯಾಂಕನ್ನೂ ಒಟ್ಟಿಗೆ ಚೆಲ್ಲುವುದಿಲ್ಲ. ಸಂಪಿನ ಮುಚ್ಚಳ ತೆಗೆದು ಒಂದು ತಂಬಿಗೆ ಎತ್ತಿ ನೋಡುತ್ತಾರೆ, ಆಮೇಲೆ ಟ್ಯಾಂಕು ಹತ್ತುತ್ತಾರೆ. ಹಳೆಯ ಪುಟವನ್ನೂ ಹಾಗೆಯೇ ಹುಡುಕಬೇಕು: ಒಂದೊಂದು ಪದರದಲ್ಲಿ ಒಂದೊಂದು ತಂಬಿಗೆ. ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ಬದಲಾಯಿಸಬೇಡಿ; ಹಂತ 2 ಹೇಳಿದಲ್ಲಿ ಮಾತ್ರ ಮುಂದಕ್ಕೆ ಜಿಗಿಯಿರಿ.

ಇದು ಲಿನಕ್ಸ್ ಮೇಲೆ ಓಡುವ ಟಾಮ್‌ಕ್ಯಾಟ್‌ಗೆ ಬರೆದದ್ದು. ಆದೇಶ, ಫೈಲ್, ಹೆಡರ್‌ಗಳ (ವಿನಂತಿ ಮತ್ತು ಉತ್ತರದ ಜೊತೆ ಹೋಗುವ ವಿವರದ ಸಾಲುಗಳ) ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಸರ್ವರ್‌ಗೆ ದೂರದಿಂದ ಒಳಹೋಗುವ ಎಸ್‌ಎಸ್‌ಎಚ್ ಲಾಗಿನ್, ನಿರ್ವಾಹಕರ ಸುಡೋ ಅನುಮತಿ, ಪುಟವನ್ನು ಟರ್ಮಿನಲ್‌ಗೆ ತರಿಸುವ ಕರ್ಲ್ ಆದೇಶ, ಡೆವಲಪರ್ ಟೂಲ್ಸ್ ಇರುವ ಒಂದು ಬ್ರೌಸರ್, ಮತ್ತು ಕಚೇರಿಯ ವೈಫೈಗೆ ಸೇರದ ಒಂದು ಮೊಬೈಲ್. ಇಷ್ಟು ಸಾಕು. ಇವುಗಳ ಜೊತೆಗೆ ಒಂದು ಕಾಗದ ಮತ್ತು ಪೆನ್ನು ಇಟ್ಟುಕೊಳ್ಳಿ. ಯಾವ ವಿಳಾಸ, ಯಾವ ಬಳಕೆದಾರ, ಎಷ್ಟು ಗಂಟೆಗೆ ಹಳೆಯದು ಕಂಡಿತು ಎಂದು ಬರೆಯುತ್ತಾ ಹೋಗದಿದ್ದರೆ ಅರ್ಧ ಗಂಟೆಯಲ್ಲಿ ತಲೆ ಗೊಂದಲದ ಗೂಡಾಗುತ್ತದೆ.

ಬ್ಯಾಕಪ್ ಇಲ್ಲದೆ ಮುಂದೆ ಹೋಗಬೇಡಿ. ಅಪ್ಲಿಕೇಶನ್‌ಗಳಿರುವ ವೆಬ್‌ಆ್ಯಪ್ಸ್ ಮತ್ತು ಕಾನ್ಫಿಗರೇಶನ್ ಇರುವ ಕಾನ್ಫ್ ಎರಡೂ ಫೋಲ್ಡರ್‌ಗಳ ಪ್ರತಿ ಟಾಮ್‌ಕ್ಯಾಟ್‌ನ ಹೊರಗೆ, ಬೇರೆ ಜಾಗದಲ್ಲಿ ಇರಲಿ. ವೆಬ್‌ಆ್ಯಪ್ಸ್ ಒಳಗೇ ಪ್ರತಿ ಇಟ್ಟರೆ ಟಾಮ್‌ಕ್ಯಾಟ್ ಅದನ್ನೂ ಒಂದು ಅಪ್ಲಿಕೇಶನ್ ಎಂದು ತಿಳಿದು ಓಡಿಸಲು ಹೊರಡುತ್ತದೆ.

## ಹಂತ 1: ಪುಟಕ್ಕೆ ಒಂದು ಗುರುತು ಹಾಕಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. "ಹಳೆಯ ಪುಟ" ಎಂದು ನೀವು ಹೇಳುತ್ತಿರುವುದು ಹಳೆಯ ಪುಟವೇ, ಅಥವಾ ಹೊಸ ಪುಟದೊಳಗಿನ ಹಳೆಯ ಮಾಹಿತಿಯೇ? ಕಣ್ಣಳತೆಯಲ್ಲಿ ಇದು ಗೊತ್ತಾಗುವುದಿಲ್ಲ.

ತೊಂದರೆ ಕೊಡುತ್ತಿರುವ ಜೆಎಸ್‌ಪಿ (ಜಾವಾ ಕೋಡ್ ಬೆರೆತ ಪುಟ) ಅಥವಾ ಎಚ್‌ಟಿಎಂಎಲ್ ಫೈಲ್‌ನ ಕೊನೆಯಲ್ಲಿ ಒಂದು ಎಚ್‌ಟಿಎಂಎಲ್ ಟಿಪ್ಪಣಿ ಸೇರಿಸಿ, ಅದರಲ್ಲಿ ದಿನಾಂಕ ಮತ್ತು ಸಮಯ ಬರೆಯಿರಿ. ಪರದೆಯ ಮೇಲೆ ಅದು ಕಾಣುವುದಿಲ್ಲ, ಪುಟದ ಮೂಲವನ್ನು ತೆರೆದರೆ ಸಿಗುತ್ತದೆ. ಪ್ರತಿ ಸಲ ಫೈಲ್ ಮುಟ್ಟಿದಾಗ ಆ ಸಮಯವನ್ನು ಬದಲಾಯಿಸಿ.

ಇಲ್ಲಿ ಆಗುವ ತಪ್ಪು ಒಂದೇ: ಜೆಎಸ್‌ಪಿ ಶೈಲಿಯ ಟಿಪ್ಪಣಿ, ಅಂದರೆ ಶೇಕಡಾ ಚಿಹ್ನೆ ಇರುವ ಟಿಪ್ಪಣಿ ಹಾಕುವುದು. ಅದು ಸರ್ವರ್‌ನಲ್ಲೇ ಉಳಿದುಬಿಡುತ್ತದೆ, ಬ್ರೌಸರ್‌ಗೆ ಬರುವುದೇ ಇಲ್ಲ. ಗುರುತು ಕಾಣಲಿಲ್ಲವೆಂದು ಕ್ಯಾಶ್ ಹುಡುಕುತ್ತಾ ಒಂದು ಮಧ್ಯಾಹ್ನ ಪೂರ್ತಿ ಕಳೆದವರನ್ನು ನೋಡಿದ್ದೇನೆ.

## ಹಂತ 2: ಟಾಮ್‌ಕ್ಯಾಟ್‌ನ ಬಾಯಿಂದಲೇ ಕೇಳಿ

ಸರ್ವರ್ ಒಳಗೆ ಲಾಗಿನ್ ಆಗಿ. ಕರ್ಲ್ ಆದೇಶಕ್ಕೆ ಸಣ್ಣ ಅಕ್ಷರದ 'ಐ' ಆಯ್ಕೆ ಕೊಟ್ಟು, 127.0.0.1 ವಿಳಾಸದ 8080 ಪೋರ್ಟ್‌ನಿಂದ ಆ ಪುಟವನ್ನು ನೇರವಾಗಿ ತರಿಸಿ. ನಿಮ್ಮ ಟಾಮ್‌ಕ್ಯಾಟ್ ಬೇರೆ ಪೋರ್ಟ್‌ನಲ್ಲಿದ್ದರೆ ಕಾನ್ಫ್ ಫೋಲ್ಡರ್‌ನ ಸರ್ವರ್ ಎಕ್ಸ್‌ಎಂಎಲ್ ಫೈಲ್‌ನ ಕನೆಕ್ಟರ್ ಸಾಲಿನಲ್ಲಿ ಅದರ ಸಂಖ್ಯೆ ಇರುತ್ತದೆ. ಒಂದೇ ಟಾಮ್‌ಕ್ಯಾಟ್‌ನಲ್ಲಿ ಹಲವು ಡೊಮೇನ್‌ಗಳಿದ್ದರೆ ಹೋಸ್ಟ್ ಹೆಡರ್ ಕೂಡ ಸೇರಿಸಬೇಕು. ಇಲ್ಲವಾದರೆ ಉತ್ತರ ಕೊಡುವುದು ಬೇರೆಯೇ ಸೈಟು.

ದೊಡ್ಡ ಅಕ್ಷರದ 'ಐ' ಬೇಡ. ಅದು ಹೆಡ್ ವಿನಂತಿಯನ್ನು ಕಳುಹಿಸಿ ಹೆಡರ್‌ಗಳನ್ನಷ್ಟೇ ತರುತ್ತದೆ, ಪುಟ ಬರುವುದಿಲ್ಲ. ನಮ್ಮ ಗುರುತು ಇರುವುದು ಪುಟದಲ್ಲಿ. ಸಣ್ಣ 'ಐ' ಎರಡನ್ನೂ ತರುತ್ತದೆ.

ಅದೇ ಪುಟವನ್ನು ಈಗ ನಿಮ್ಮ ಕಂಪ್ಯೂಟರ್‌ನಿಂದ, ಸಾರ್ವಜನಿಕ ಡೊಮೇನ್ ಹೆಸರಿನಿಂದ, ಮತ್ತೆ ಕರ್ಲ್‌ನಲ್ಲೇ ತರಿಸಿ. ಎರಡು ಉತ್ತರಗಳನ್ನೂ ಕಾಗದದ ಮೇಲೆ ಪಕ್ಕಪಕ್ಕದಲ್ಲಿ ಬರೆಯಿರಿ. ಮುಂದಿನ ದಾರಿ ಇಲ್ಲಿ ಕವಲೊಡೆಯುತ್ತದೆ.

ಒಳಗಿನಿಂದಲೇ ಹಳೆಯ ಗುರುತು ಬಂದರೆ ತಪ್ಪು ಟಾಮ್‌ಕ್ಯಾಟ್‌ನಲ್ಲಿದೆ: ಹಂತ 3ರಿಂದ 5. ಒಳಗೆ ಹೊಸ ಗುರುತು ಬಂದು ಹೊರಗೆ ಹಳೆಯದು ಬಂದರೆ ನಡುವಿನ ಪ್ರಾಕ್ಸಿ, ಅಂದರೆ ಬ್ರೌಸರ್‌ಗೂ ಟಾಮ್‌ಕ್ಯಾಟ್‌ಗೂ ನಡುವೆ ಕುಳಿತ ಸರ್ವರ್: ನೇರ ಹಂತ 7. ಎರಡೂ ಕಡೆ ಹೊಸದು, ಬ್ರೌಸರ್‌ನಲ್ಲಿ ಮಾತ್ರ ಹಳೆಯದು ಎಂದಾದರೆ ಹಂತ 8. ಗುರುತು ಎಲ್ಲೆಡೆ ಹೊಸದೇ, ಆದರೆ ಅಂಕಿ ಅಂಶಗಳು ಹಳೆಯವು ಎಂದಾದರೆ ಹಂತ 6.

ಈ ಹಂತಕ್ಕೆ ಐದು ನಿಮಿಷ ಸಾಕು. ಇದನ್ನು ಮಾಡದೆ ಯಾವ ಫೋಲ್ಡರನ್ನೂ ಅಳಿಸಬೇಡಿ, ಸರ್ವರನ್ನೂ ರೀಸ್ಟಾರ್ಟ್ ಮಾಡಬೇಡಿ.

## ಹಂತ 3: ನೀವು ತಿದ್ದುತ್ತಿರುವ ಫೈಲೇ ಓಡುತ್ತಿದೆಯೇ?

ಕ್ಯಾಶ್ ಎಂದು ನನ್ನ ಬಳಿ ಬಂದ ದೂರುಗಳಲ್ಲಿ ದೊಡ್ಡ ಪಾಲು ಕೊನೆಗೆ ಕ್ಯಾಶ್ ಆಗಿರುವುದಿಲ್ಲ. ಒಂದು ಮನೆಯ ಬಾಗಿಲಿಗೆ ಬಣ್ಣ ಬಳಿದು ಪಕ್ಕದ ಮನೆಯ ಬಾಗಿಲನ್ನು ನೋಡುತ್ತಿರುತ್ತಾರೆ.

ಎಸ್‌ಎಸ್ ಎಂಬ ಆದೇಶಕ್ಕೆ ಎಲ್, ಟಿ, ಎನ್, ಪಿ ಆಯ್ಕೆಗಳನ್ನು ಕೊಟ್ಟು, ಸುಡೋ ಸಮೇತ ಓಡಿಸಿದರೆ 8080 ಪೋರ್ಟನ್ನು ಯಾವ ಪ್ರಕ್ರಿಯೆ ಹಿಡಿದಿದೆ ಎಂದು ಅದರ ಸಂಖ್ಯೆಯೊಂದಿಗೆ ತೋರಿಸುತ್ತದೆ. ಪಿಎಸ್ ಆದೇಶದಿಂದ ಆ ಸಂಖ್ಯೆಯ ಪೂರ್ತಿ ಸಾಲನ್ನು ತೆರೆಯಿರಿ. ಉದ್ದನೆಯ ಸಾಲಿನಲ್ಲಿ ಕ್ಯಾಟಲಿನಾ ಬೇಸ್ ಎಂಬ ಮೌಲ್ಯ ಸಿಗುತ್ತದೆ. ಓಡುತ್ತಿರುವ ಟಾಮ್‌ಕ್ಯಾಟ್‌ನ ನಿಜವಾದ ಮನೆ ಅದು. ನೀವು ತಿದ್ದುತ್ತಿರುವ ಫೋಲ್ಡರ್ ಆ ದಾರಿಯಲ್ಲಿ ಇಲ್ಲವಾದರೆ ನಿಮ್ಮ ಹುಡುಕಾಟ ಬಹುಶಃ ಅಲ್ಲಿಗೇ ಮುಗಿಯಿತು.

ಧಾರವಾಡದ ಒಂದು ಕಾಲೇಜಿನ ಸರ್ವರ್‌ನಲ್ಲಿ ಎರಡು ಟಾಮ್‌ಕ್ಯಾಟ್‌ಗಳಿದ್ದವು. ಒಂದು ಆಪರೇಟಿಂಗ್ ಸಿಸ್ಟಂನ ಪ್ಯಾಕೇಜ್ ಆಗಿ ಬಂದದ್ದು, ಇನ್ನೊಂದನ್ನು ಯಾರೋ ಹಿಂದೆ ಆಪ್ಟ್ ಫೋಲ್ಡರ್‌ನಲ್ಲಿ ಕೈಯಾರೆ ಬಿಡಿಸಿಟ್ಟಿದ್ದರು. ಪರೀಕ್ಷಾ ವೇಳಾಪಟ್ಟಿಯನ್ನು ಆಪ್ಟ್‌ನಲ್ಲಿ ತಿದ್ದುತ್ತಿದ್ದರು, ಓಡುತ್ತಿದ್ದುದು ಪ್ಯಾಕೇಜಿನದು. ಎರಡೂ ಕಡೆ ಒಂದೇ ಹೆಸರಿನ ಅಪ್ಲಿಕೇಶನ್ ಇದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಮನೆ ಸರಿಯಿದ್ದರೆ ಕಾನ್ಫ್ ಫೋಲ್ಡರ್ ಒಳಗಿನ ಕ್ಯಾಟಲಿನಾ, ಅದರೊಳಗಿನ ಲೋಕಲ್‌ಹೋಸ್ಟ್ ಫೋಲ್ಡರ್ ನೋಡಿ. ಅಲ್ಲಿ ನಿಮ್ಮ ಅಪ್ಲಿಕೇಶನ್ ಹೆಸರಿನ ಎಕ್ಸ್‌ಎಂಎಲ್ ಫೈಲ್ ಇದ್ದು, ಅದರಲ್ಲಿ ಡಾಕ್‌ಬೇಸ್ ಬೇರೆ ಫೋಲ್ಡರ್‌ಗೆ ಕೈ ತೋರಿಸುತ್ತಿರಬಹುದು. ಆಗ ವೆಬ್‌ಆ್ಯಪ್ಸ್‌ನಲ್ಲಿ ನೀವು ಏನೇ ಬದಲಾಯಿಸಿದರೂ ಪುಟಕ್ಕೆ ಅದು ತಿಳಿಯುವುದಿಲ್ಲ.

ಇದರ ಜೊತೆಗೆ ಪ್ರಕ್ರಿಯೆ ಶುರುವಾದ ಸಮಯವನ್ನೂ ಪರೀಕ್ಷಿಸಿ. ಇವತ್ತು ಬೆಳಿಗ್ಗೆ ರೀಸ್ಟಾರ್ಟ್ ಮಾಡಿದ್ದೇನೆ ಎನ್ನುತ್ತೀರಿ, ಪ್ರಕ್ರಿಯೆ ಮಾತ್ರ ಹದಿನೈದು ದಿನದ ಹಿಂದಿನದು ಎಂದಿದ್ದರೆ, ಹಳೆಯ ಟಾಮ್‌ಕ್ಯಾಟ್ ಸತ್ತೇ ಇಲ್ಲ. ಶಟ್‌ಡೌನ್ ಸ್ಕ್ರಿಪ್ಟ್ ಸಾಮಾನ್ಯವಾಗಿ 8005 ಪೋರ್ಟ್‌ಗೆ ನಿಲ್ಲುವ ಸಂದೇಶವನ್ನು ಕಳುಹಿಸುತ್ತದೆ ಅಷ್ಟೆ. ಅಪ್ಲಿಕೇಶನ್ ಒಳಗಿನ ಯಾವುದೋ ಥ್ರೆಡ್ ಮುಗಿಯದೆ ಉಳಿದರೆ ಜಾವಾ ಪ್ರಕ್ರಿಯೆ ನಿಲ್ಲದೆ ಹಾಗೆಯೇ ಇರುತ್ತದೆ. ಸ್ಟಾಪ್ ಕೊಟ್ಟ ಮೇಲೆ ಪೋರ್ಟ್ ಖಾಲಿಯಾಯಿತೇ, ಪ್ರಕ್ರಿಯೆ ಹೋಯಿತೇ ಎಂದು ಎರಡನ್ನೂ ಪರೀಕ್ಷಿಸಿಯೇ ಸ್ಟಾರ್ಟ್ ಕೊಡಿ.

## ಹಂತ 4: ವಾರ್ ಫೈಲ್ ಮತ್ತು ಬಿಡಿಸಿದ ಫೋಲ್ಡರ್

ವೆಬ್‌ಆ್ಯಪ್ಸ್‌ನಲ್ಲಿ ಒಂದು ವಾರ್ ಫೈಲ್ (ಇಡೀ ಅಪ್ಲಿಕೇಶನ್‌ನ ಒಂದೇ ಕಟ್ಟು) ಇಟ್ಟರೆ ಟಾಮ್‌ಕ್ಯಾಟ್ ಅದನ್ನು ಅದೇ ಹೆಸರಿನ ಫೋಲ್ಡರ್ ಆಗಿ ಬಿಡಿಸುತ್ತದೆ, ಪುಟಗಳನ್ನು ಕೊಡುವುದು ಆ ಫೋಲ್ಡರ್‌ನಿಂದ. ವಾರ್ ಹೊಸದು, ಫೋಲ್ಡರ್ ಹಳೆಯದು ಎಂಬ ಸ್ಥಿತಿ ಬಂದರೆ ಹಳೆಯ ಪುಟ ಖಚಿತ.

ಹಳೆಯ ಟಾಮ್‌ಕ್ಯಾಟ್ ಆವೃತ್ತಿಗಳು ನಿಂತಿದ್ದಾಗ ಹೊಸ ವಾರ್ ಇಟ್ಟರೆ, ಫೋಲ್ಡರ್ ಹೇಗೂ ಇದೆಯಲ್ಲ ಎಂದು ಅದನ್ನೇ ಬಳಸುತ್ತಿದ್ದವು. ಈಗಿನವು ಮೆಟಾ-ಇನ್ಫ್ ಒಳಗೆ ವಾರ್-ಟ್ರ್ಯಾಕರ್ ಎಂಬ ಸಣ್ಣ ಫೈಲ್ ಇಟ್ಟು, ಅದರ ಸಮಯವನ್ನು ವಾರ್‌ನ ಸಮಯದ ಜೊತೆ ಹೋಲಿಸುತ್ತವೆ. ಫೋಲ್ಡರನ್ನು ನೀವೇ ಕೈಯಿಂದ ಬಿಡಿಸಿ ಇಟ್ಟಿದ್ದರೆ ಆ ಫೈಲ್ ಇರುವುದಿಲ್ಲ, ಹೋಲಿಕೆಯೂ ನಡೆಯುವುದಿಲ್ಲ, ಹಳೆಯ ಫೋಲ್ಡರೇ ಉಳಿಯುತ್ತದೆ.

ನಾನು ಅನುಸರಿಸುವ ಕ್ರಮ ಇದು. ಮೊದಲು ಟಾಮ್‌ಕ್ಯಾಟ್ ನಿಲ್ಲಿಸಿ, ನಿಂತದ್ದನ್ನು ಖಚಿತಪಡಿಸಿಕೊಳ್ಳಿ. ಬಿಡಿಸಿದ ಫೋಲ್ಡರನ್ನು ಅಳಿಸದೆ, ವೆಬ್‌ಆ್ಯಪ್ಸ್‌ನಿಂದ ಹೊರಗೆ ಸರಿಸಿ. ಹೊಸ ವಾರ್ ಇಡಿ. ಆಮೇಲೆ ಶುರು ಮಾಡಿ.

ಎಚ್ಚರಿಕೆ. ಫೋಲ್ಡರ್ ಮುಟ್ಟುವ ಮೊದಲು ಅದರೊಳಗೆ ಅಪ್‌ಲೋಡ್ಸ್, ಇಮೇಜಸ್, ಡಾಕ್ಯುಮೆಂಟ್ಸ್ ಎಂಬಂಥ ಫೋಲ್ಡರ್‌ಗಳಿವೆಯೇ ನೋಡಿ. ಸದಸ್ಯರ ಫೋಟೊ, ಸ್ಕ್ಯಾನ್ ಮಾಡಿದ ಅರ್ಜಿಗಳನ್ನು ಅಪ್ಲಿಕೇಶನ್ ಒಳಗೇ ಉಳಿಸುವಂತೆ ಬರೆದ ತಂತ್ರಾಂಶಗಳು ನಮ್ಮ ಭಾಗದಲ್ಲಿ ಬಹಳ. ಓಡುತ್ತಿರುವ ಟಾಮ್‌ಕ್ಯಾಟ್‌ನ ವೆಬ್‌ಆ್ಯಪ್ಸ್‌ನಿಂದ ವಾರ್ ಫೈಲ್ ತೆಗೆದರೆ ಸಾಕು, ಆಟೊಡಿಪ್ಲಾಯ್ (ಫೋಲ್ಡರ್‌ನ ಬದಲಾವಣೆಯನ್ನು ತಾನಾಗಿ ಜಾರಿಗೆ ತರುವ ಆಯ್ಕೆ) ಚಾಲೂ ಇದ್ದಾಗ ಅದು ಬಿಡಿಸಿದ ಫೋಲ್ಡರನ್ನೂ ಅಳಿಸುತ್ತದೆ. ವಾರ್ ಒಳಗೆ ಇಲ್ಲದ ಆ ಫೋಟೊಗಳು ಮತ್ತೆ ಹುಟ್ಟುವುದಿಲ್ಲ. ಸಾವಿರಾರು ಜನರ ದಾಖಲೆ ಹೀಗೆ ಒಂದು ನಿಮಿಷದಲ್ಲಿ ಹೋಗಬಹುದು. ಇಂಥ ಫೋಲ್ಡರ್ ಸಿಕ್ಕರೆ ಪುಟದ ಕೆಲಸ ಬದಿಗಿಟ್ಟು, ಮೊದಲು ಅದನ್ನು ಹೊರಗೆ ಪ್ರತಿ ಮಾಡಿ.

ಇನ್ನೊಂದು ತಪ್ಪು, ಓಡುತ್ತಿರುವ ಟಾಮ್‌ಕ್ಯಾಟ್‌ನ ವೆಬ್‌ಆ್ಯಪ್ಸ್‌ಗೆ ನೇರವಾಗಿ ಇಂಟರ್‌ನೆಟ್ ಮೂಲಕ ವಾರ್ ಪ್ರತಿ ಮಾಡುವುದು. ಅದು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಫೋಲ್ಡರನ್ನು ಪರೀಕ್ಷಿಸುತ್ತದೆ; ಅರ್ಧ ಬಂದ ಫೈಲನ್ನೇ ಬಿಡಿಸಲು ಹೋಗಿ ಎಡವುತ್ತದೆ. ಮೊದಲು ಅದೇ ಡಿಸ್ಕಿನ ಬೇರೆ ಫೋಲ್ಡರ್‌ಗೆ ತಂದು, ಪೂರ್ತಿ ಬಂದ ಮೇಲೆ ಎಂವಿ ಆದೇಶದಿಂದ ಒಳಗೆ ಸರಿಸಿ.

ಹಳೆಯ ಫೋಲ್ಡರ್ ಮೇಲೆಯೇ ಹೊಸದನ್ನು ಸುರಿಯುವ ಅಭ್ಯಾಸವನ್ನೂ ಬಿಡಿ. ವೆಬ್-ಇನ್ಫ್ ಒಳಗಿನ ಲಿಬ್‌ನಲ್ಲಿ ಒಂದೇ ಕೋಡ್ ಲೈಬ್ರರಿಯ ಹಳೆಯ ಜಾರ್ ಫೈಲ್, ಹೊಸ ಜಾರ್ ಫೈಲ್ ಎರಡೂ ಉಳಿದುಕೊಂಡು, ಯಾವುದು ಮೊದಲು ಸಿಕ್ಕಿತೋ ಅದು ಓಡುತ್ತದೆ.

## ಹಂತ 5: ಜೆಎಸ್‌ಪಿ ಮತ್ತು ವರ್ಕ್ ಫೋಲ್ಡರ್

ಜೆಎಸ್‌ಪಿ ಫೈಲ್ ಹಾಗೆಯೇ ಓಡುವುದಿಲ್ಲ. ಟಾಮ್‌ಕ್ಯಾಟ್‌ನ ಜಾಸ್ಪರ್ ಎಂಬ ಭಾಗ ಅದನ್ನು ಜಾವಾ ಕಡತವಾಗಿ ಬರೆದು, ಕ್ಲಾಸ್ ಆಗಿ ಕಂಪೈಲ್ ಮಾಡಿ, ವರ್ಕ್ ಫೋಲ್ಡರ್‌ನಲ್ಲಿ ಇಡುತ್ತದೆ. ವರ್ಕ್, ಅದರೊಳಗೆ ಕ್ಯಾಟಲಿನಾ, ಲೋಕಲ್‌ಹೋಸ್ಟ್, ನಿಮ್ಮ ಅಪ್ಲಿಕೇಶನ್ ಹೆಸರು, ಆರ್ಗ್, ಅಪಾಚೆ, ಜೆಎಸ್‌ಪಿ ಎಂದು ಇಳಿದುಹೋಗಿ. ಇಂಡೆಕ್ಸ್ ಎಂಬ ಪುಟವಿದ್ದರೆ ಅಲ್ಲಿ ಇಂಡೆಕ್ಸ್, ಅಡಿಗೆರೆ, ಜೆಎಸ್‌ಪಿ ಎಂಬ ಹೆಸರಿನ ಒಂದು ಜಾವಾ ಫೈಲ್, ಒಂದು ಕ್ಲಾಸ್ ಫೈಲ್ ಕಾಣುತ್ತವೆ.

ಆ ಜಾವಾ ಫೈಲನ್ನು ತೆರೆದು ಓದಿ. ನಿಮ್ಮ ಪುಟದ ಪ್ರತಿ ಸಾಲೂ ಒಂದೊಂದು ಬರೆಯುವ ಆದೇಶವಾಗಿ ಅಲ್ಲಿ ಕುಳಿತಿರುತ್ತದೆ. ತೀರಾ ಕೆಳಗೆ ನೀವು ಹಂತ 1ರಲ್ಲಿ ಹಾಕಿದ ಗುರುತು, ಸಮಯ ಸಮೇತ. ಅಲ್ಲಿ ಹಳೆಯ ಸಮಯವಿದ್ದರೆ ಜಾಸ್ಪರ್ ಮತ್ತೆ ಕಂಪೈಲ್ ಮಾಡಿಲ್ಲ. ಹೊಸ ಸಮಯವಿದ್ದರೆ ವರ್ಕ್ ಫೋಲ್ಡರ್ ನಿರಪರಾಧಿ, ಅದನ್ನು ಅಳಿಸಿ ಏನೂ ಪ್ರಯೋಜನವಿಲ್ಲ. ಈ ಒಂದು ಫೈಲ್ ಓದುವ ಅಭ್ಯಾಸ ಬಂದರೆ ಅರ್ಧ ಊಹೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಮತ್ತೆ ಕಂಪೈಲ್ ಆಗದಿರಲು ಎರಡು ಮುಖ್ಯ ಕಾರಣ. ಮೊದಲನೆಯದು ಕಾನ್ಫ್ ಫೋಲ್ಡರ್‌ನ ವೆಬ್ ಎಕ್ಸ್‌ಎಂಎಲ್‌ನಲ್ಲಿರುವ ಡೆವಲಪ್‌ಮೆಂಟ್ ಎಂಬ ಆಯ್ಕೆ. ಅದು ಟ್ರೂ ಆಗಿದ್ದರೆ ಬದಲಾವಣೆಯನ್ನು ಸಾಮಾನ್ಯವಾಗಿ 4 ಸೆಕೆಂಡಿನ ಅಂತರದಲ್ಲಿ ಪರೀಕ್ಷಿಸುತ್ತದೆ. ವೇಗಕ್ಕಾಗಿ ಅದನ್ನು ಫಾಲ್ಸ್ ಮಾಡಿ, ಚೆಕ್-ಇಂಟರ್ವಲ್ ಸೊನ್ನೆಯಲ್ಲೇ ಉಳಿದಿದ್ದರೆ, ಓಡುತ್ತಿರುವಾಗ ಪರೀಕ್ಷೆ ನಡೆಯುವುದೇ ಇಲ್ಲ. ನಿಜವಾದ ಬಳಕೆಯ ಸರ್ವರ್‌ನಲ್ಲಿ ಫಾಲ್ಸ್ ಇರುವುದೇ ಸರಿ. ಆದರೆ ಆಗ ಜೆಎಸ್‌ಪಿ ಫೈಲನ್ನು ನೇರವಾಗಿ ತಿದ್ದುವ ಪದ್ಧತಿ ನಿಲ್ಲಬೇಕು.

ಎರಡನೆಯದು ಸಮಯದ ಮುದ್ರೆ. ಹಳೆಯ ಆವೃತ್ತಿಗಳು ಜೆಎಸ್‌ಪಿ ಫೈಲ್ ಕ್ಲಾಸ್‌ಗಿಂತ ಹೊಸದೇ ಎಂದು ಮಾತ್ರ ನೋಡುತ್ತಿದ್ದವು. ಮೂಲದ ಸಮಯವನ್ನೇ ಉಳಿಸಿಕೊಂಡು ಪ್ರತಿ ಮಾಡಿದರೆ, ಅಥವಾ ಗಡಿಯಾರ ಹಿಂದಿರುವ ಕಂಪ್ಯೂಟರ್‌ನಿಂದ ಫೈಲ್ ತಂದರೆ, ಹೊಸ ಫೈಲ್ ಸರ್ವರ್ ಕಣ್ಣಿಗೆ ಹಳೆಯದಾಗಿ ಕಾಣುತ್ತದೆ. ಟಚ್ ಆದೇಶದಿಂದ ಸಮಯವನ್ನು ಈಗಿನದಕ್ಕೆ ತಂದು ನೋಡಿ.

ವರ್ಕ್ ಫೋಲ್ಡರ್ ಅಳಿಸಲೇಬೇಕಾದರೆ ಟಾಮ್‌ಕ್ಯಾಟ್ ನಿಲ್ಲಿಸಿದ ಮೇಲೆ ಅಳಿಸಿ. ಓಡುತ್ತಿರುವಾಗ ಅಳಿಸಿದರೆ ಹಳೆಯ ಕ್ಲಾಸ್ ಮೆಮೊರಿಯಲ್ಲಿ ಉಳಿದೇ ಇರುತ್ತದೆ. ನಿಮ್ಮ ಅಪ್ಲಿಕೇಶನ್ ಹೆಸರಿನ ಫೋಲ್ಡರ್ ಮಾತ್ರ ಅಳಿಸಿ. ಆದೇಶ ಹೊಡೆಯುವ ಮೊದಲು ಈಗ ಯಾವ ಫೋಲ್ಡರ್‌ನಲ್ಲಿದ್ದೀರಿ ಎಂದು ಗಟ್ಟಿಯಾಗಿ ಓದಿಕೊಳ್ಳಿ.

ಜೆಎಸ್‌ಪಿ ಅಲ್ಲದ ಸಿಎಸ್‌ಎಸ್, ಚಿತ್ರಗಳಿಗೂ ಟಾಮ್‌ಕ್ಯಾಟ್ ತನ್ನದೇ ಸಣ್ಣ ಕ್ಯಾಶ್ ಇಟ್ಟುಕೊಳ್ಳುತ್ತದೆ. ಅದರ ಅವಧಿ ಮೂಲತಃ 5 ಸೆಕೆಂಡ್ ಮಾತ್ರ. ಕಾಂಟೆಕ್ಸ್ಟ್ ಎಕ್ಸ್‌ಎಂಎಲ್‌ನ ರಿಸೋರ್ಸಸ್ ಸಾಲಿನಲ್ಲಿ ಯಾರಾದರೂ ಕ್ಯಾಶ್-ಟಿಟಿಎಲ್ ಹೆಚ್ಚಿಸಿದ್ದಾರೆಯೇ ನೋಡಿದರೆ ಸಾಕು.

## ಹಂತ 6: ಪುಟ ಹೊಸದು, ಮಾಹಿತಿ ಹಳೆಯದು

ಬ್ಯಾಡಗಿಯ ದರಪಟ್ಟಿ ಇಲ್ಲಿ ಸಿಕ್ಕಿಬಿದ್ದಿತ್ತು. ಗುರುತು ಹೊಸದು, ದರ ಹಳೆಯದು. ಡೇಟಾಬೇಸ್‌ನಲ್ಲಿ ನೇರವಾಗಿ ಕೇಳಿದರೆ ಹೊಸ ದರ ಇತ್ತು. ಅಂದರೆ ಡೇಟಾಬೇಸ್‌ಗೂ ಪುಟಕ್ಕೂ ನಡುವೆ, ಅಪ್ಲಿಕೇಶನ್‌ನ ಮೆಮೊರಿಯಲ್ಲಿ ಯಾರೋ ಹಳೆಯದನ್ನು ಹಿಡಿದಿದ್ದರು.

ಅಲ್ಲಿ ಡೇಟಾಬೇಸ್ ಜೊತೆ ಮಾತಾಡುವ ಹೈಬರ್ನೇಟ್ ಎಂಬ ಜಾವಾ ಲೈಬ್ರರಿಯ ಎರಡನೆಯ ಹಂತದ ಕ್ಯಾಶ್ ಚಾಲೂ ಇತ್ತು. ಅಪ್ಲಿಕೇಶನ್‌ನ ಪರದೆಯಿಂದಲೇ ದರ ಬದಲಾಯಿಸಿದರೆ ಕ್ಯಾಶ್ ತಾನಾಗಿ ಸರಿಯಾಗುತ್ತದೆ. ಆದರೆ ಪೇಟೆಯ ದಿನದ ಗಡಿಬಿಡಿಯಲ್ಲಿ ಹುಡುಗ ಎಸ್‌ಕ್ಯೂಎಲ್ ಆದೇಶದಿಂದ ನೇರವಾಗಿ ಟೇಬಲ್ ತಿದ್ದುತ್ತಿದ್ದ. ಹೈಬರ್ನೇಟ್‌ಗೆ ಅದು ಗೊತ್ತಾಗುವ ದಾರಿಯೇ ಇಲ್ಲ. ರೀಸ್ಟಾರ್ಟ್ ಮಾಡಿದಾಗ ಮೆಮೊರಿ ಖಾಲಿಯಾಗಿ ಹೊಸ ದರ ಬರುತ್ತಿತ್ತು. ಜೊತೆಗೆ ಅಳಿಸಿದ ವರ್ಕ್ ಫೋಲ್ಡರ್‌ಗೆ ಸುಮ್ಮನೆ ಕೀರ್ತಿ ಸಿಗುತ್ತಿತ್ತು. ಪರಿಹಾರ ಒಂದು ಸಾಲಿನದು: ದರವನ್ನು ಪರದೆಯಿಂದಲೇ ಬದಲಾಯಿಸುವುದು. ಮೊಬೈಲಿನಿಂದ ತೆರೆಯಲು ಬರುವಂತೆ ಆ ಪರದೆಯನ್ನು ಸರಿಪಡಿಸಿಕೊಟ್ಟೆವು.

ನಿಮ್ಮಲ್ಲಿ ಹುಡುಕಬೇಕಾದ ಜಾಗಗಳು ಹಲವು. ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟಿನಲ್ಲಿ ಕ್ಯಾಶೆಬಲ್ ಎಂದು ಗುರುತು ಹಾಕಿ, ಬದಲಾವಣೆಯ ಕಡೆ ಕ್ಯಾಶ್-ಎವಿಕ್ಟ್ (ಕ್ಯಾಶ್‌ನಿಂದ ತೆಗೆ) ಹಾಕಲು ಮರೆತಿರಬಹುದು. ಸ್ಪ್ರಿಂಗ್ ಬೂಟ್‌ನ ಥೈಮ್‌ಲೀಫ್ ಟೆಂಪ್ಲೇಟ್‌ಗಳು ಮೂಲತಃ ಕ್ಯಾಶ್ ಆಗುತ್ತವೆ. ಟೆಂಪ್ಲೇಟ್ ತಿದ್ದಿದರೂ ರೀಸ್ಟಾರ್ಟ್ ತನಕ ಕಾಣುವುದಿಲ್ಲ. ಯಾರೋ ಬರೆದ ಸ್ಟ್ಯಾಟಿಕ್ ಮ್ಯಾಪ್ ಒಂದರಲ್ಲಿ ಇಡೀ ಪಟ್ಟಿ ಕುಳಿತಿರಬಹುದು. ಟಾಮ್‌ಕ್ಯಾಟ್‌ನ ಹೊರಗೆ ಓಡುವ ರೆಡಿಸ್ ಎಂಬ ಮೆಮೊರಿ ಸಂಗ್ರಹ ಇದ್ದರೆ ಟಾಮ್‌ಕ್ಯಾಟ್ ರೀಸ್ಟಾರ್ಟ್‌ನಿಂದ ಅದು ಖಾಲಿಯಾಗುವುದಿಲ್ಲ, ಆ ಕೀಲಿಯ ಉಳಿದ ಆಯುಷ್ಯವನ್ನು ಟಿಟಿಎಲ್ ಆದೇಶದಿಂದ ನೋಡಿ.

ಎರಡು ಲಕ್ಷಣಗಳನ್ನು ನೆನಪಿಡಿ. ಒಬ್ಬ ಬಳಕೆದಾರರಿಗೆ ಮಾತ್ರ ಹಳೆಯದು, ಉಳಿದವರಿಗೆ ಹೊಸದು ಎಂದಾದರೆ ಮಾಹಿತಿ ಅವರ ಸೆಷನ್‌ನಲ್ಲಿದೆ, ಅಂದರೆ ಲಾಗಿನ್ ಆದವರಿಗಾಗಿ ಸರ್ವರ್ ಇಟ್ಟುಕೊಂಡ ನೆನಪಿನಲ್ಲಿ. ಲಾಗ್‌ಔಟ್ ಮಾಡಿಸಿ ನೋಡಿ. ಸೆಷನ್‌ಗಳನ್ನು ಫೈಲ್‌ನಲ್ಲಿ ಉಳಿಸುವ ವ್ಯವಸ್ಥೆ ಚಾಲೂ ಇದ್ದರೆ ರೀಸ್ಟಾರ್ಟ್ ಆದರೂ ಅವು ಮರಳಿ ಬರುತ್ತವೆ. ಪ್ರತಿ ರಿಫ್ರೆಶ್‌ಗೆ ಒಮ್ಮೆ ಹೊಸದು ಒಮ್ಮೆ ಹಳೆಯದು ಎಂದಾದರೆ ಹಿಂದೆ ಎರಡು ಸರ್ವರ್‌ಗಳಿವೆ, ಒಂದಕ್ಕೆ ಮಾತ್ರ ಸುದ್ದಿ ಮುಟ್ಟಿದೆ.

## ಹಂತ 7: ನಡುವಿನ ಪ್ರಾಕ್ಸಿ

ಹೊರಗಿನಿಂದ ತಂದ ಉತ್ತರದ ಹೆಡರ್‌ಗಳನ್ನು ನೋಡಿ. ಏಜ್ ಎಂಬ ಹೆಡರ್ ಇದ್ದರೆ ಅದರ ಸಂಖ್ಯೆ, ಆ ಪುಟ ಯಾವುದೋ ಕ್ಯಾಶ್‌ನಲ್ಲಿ ಎಷ್ಟು ಸೆಕೆಂಡಿನಿಂದ ಕುಳಿತಿದೆ ಎಂಬುದರ ಲೆಕ್ಕ. ಆದರೆ ಪ್ರಾಕ್ಸಿಯಾಗಿ ಬಳಸುವ ಎಂಜಿನ್‌ಎಕ್ಸ್ ತಂತ್ರಾಂಶ ಅದನ್ನು ತಾನಾಗಿ ಸೇರಿಸುವುದಿಲ್ಲ. ಅದರ ಕಾನ್ಫಿಗರೇಶನ್‌ನಲ್ಲಿ ಅಪ್‌ಸ್ಟ್ರೀಮ್ ಕ್ಯಾಶ್ ಸ್ಟೇಟಸ್ ಎಂಬ ಮೌಲ್ಯವನ್ನು ಒಂದು ಹೆಡರ್ ಆಗಿ ಕಳುಹಿಸುವಂತೆ ಮಾಡಿಕೊಳ್ಳಿ. ಹಿಟ್ ಎಂದರೆ ಕ್ಯಾಶ್‌ನಿಂದ ಬಂದಿದೆ, ಮಿಸ್ ಎಂದರೆ ಟಾಮ್‌ಕ್ಯಾಟ್‌ನಿಂದ, ಸ್ಟೇಲ್ ಎಂದರೆ ಹಳೆಯದೆಂದು ಗೊತ್ತಿದ್ದೂ ಕೊಟ್ಟಿದೆ. ಸ್ಟೇಲ್ ಬರುತ್ತಿದ್ದರೆ ಟಾಮ್‌ಕ್ಯಾಟ್ ದೋಷದ ಉತ್ತರ ಕೊಡುತ್ತಿರಬಹುದು, ಕ್ಯಾಟಲಿನಾ ಲಾಗ್ ತೆರೆಯಿರಿ.

ಕ್ಯಾಶ್ ಖಾಲಿ ಮಾಡಲು ಪ್ರಾಕ್ಸಿ ಕ್ಯಾಶ್ ಪಾಥ್ ತೋರಿಸುವ ಫೋಲ್ಡರ್‌ನ ಒಳಗಿನ ಫೈಲ್‌ಗಳನ್ನು ಅಳಿಸಬಹುದು. ಅಳಿಸುವ ಮೊದಲು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂದು ಬರೆದಿದೆ ಎಂಬ ಸಾಲನ್ನು ಓದಿ, ತಿದ್ದಬೇಕಾದದ್ದು ಅದನ್ನು.

ತಕ್ಷಣ ಕೈಹಾಕಬೇಕಾದ ಸೂಚನೆ. ಹಳೆಯ ಪುಟದ ದೂರಿನ ನಡುವೆ "ನನ್ನ ಲಾಗಿನ್‌ನಲ್ಲಿ ಬೇರೆಯವರ ಹೆಸರು ಬರುತ್ತಿದೆ" ಎಂದು ಒಬ್ಬರು ಹೇಳಿದರೂ ಆ ಕ್ಷಣವೇ ಪ್ರಾಕ್ಸಿ ಕ್ಯಾಶ್ ನಿಲ್ಲಿಸಿ. ಎಂಜಿನ್‌ಎಕ್ಸ್ ತನ್ನಷ್ಟಕ್ಕೆ ಸೆಟ್-ಕುಕಿ ಹೆಡರ್ ಇರುವ ಉತ್ತರವನ್ನು ಉಳಿಸಿಕೊಳ್ಳುವುದಿಲ್ಲ. ವೇಗ ಹೆಚ್ಚಿಸಲು ಯಾರೋ ಆ ಹೆಡರನ್ನು ಕಡೆಗಣಿಸು ಎಂದು ಬರೆದಿರುತ್ತಾರೆ. ಒಬ್ಬ ಸದಸ್ಯರ ಸಾಲದ ಖಾತೆ ಇನ್ನೊಬ್ಬರ ಪರದೆಯಲ್ಲಿ ತೆರೆದುಕೊಳ್ಳುವುದು ಹೀಗೆಯೇ. ಕಾರಣವನ್ನು ಆಮೇಲೆ ಹುಡುಕೋಣ, ಮೊದಲು ಬಾಗಿಲು ಮುಚ್ಚಿ.

## ಹಂತ 8: ಬ್ರೌಸರ್

ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಭಾಗ ತೆರೆದು ಪುಟವನ್ನು ಸಾಮಾನ್ಯವಾಗಿ ಲೋಡ್ ಮಾಡಿ. ಫೈಲ್‌ನ ಎದುರು ಡಿಸ್ಕ್ ಕ್ಯಾಶ್ ಅಥವಾ ಮೆಮೊರಿ ಕ್ಯಾಶ್ ಎಂದಿದ್ದರೆ ಬ್ರೌಸರ್ ಸರ್ವರನ್ನು ಕೇಳಿಯೇ ಇಲ್ಲ. 304 ಎಂದಿದ್ದರೆ ಕೇಳಿದೆ, "ಬದಲಾಗಿಲ್ಲ" ಎಂದು ಸರ್ವರ್ ಹೇಳಿದೆ. ಇವೆರಡೂ ಬೇರೆ ಬೇರೆ ರೋಗ.

304ರ ಸಂದರ್ಭ ಸೂಕ್ಷ್ಮವಾದದ್ದು. ಸಾಮಾನ್ಯ ಫೈಲ್‌ಗಳಿಗೆ ಟಾಮ್‌ಕ್ಯಾಟ್ ಕೊಡುವ ಇ-ಟ್ಯಾಗ್ (ಬದಲಾಯಿತೇ ಎಂದು ಹೋಲಿಸುವ ಗುರುತು) ಫೈಲ್‌ನ ಗಾತ್ರ ಮತ್ತು ಸಮಯ ಎರಡರಿಂದ ಮಾತ್ರ ಆದದ್ದು. ಐದು ಅಂಕಿಯ ಒಂದು ದರ ತೆಗೆದು ಐದು ಅಂಕಿಯ ಇನ್ನೊಂದು ದರ ಹಾಕಿದರೆ ಫೈಲ್‌ನ ಗಾತ್ರ ಒಂದು ಬೈಟ್ ಕೂಡ ಬದಲಾಗುವುದಿಲ್ಲ. ಸಮಯವನ್ನೂ ಹಾಗೆಯೇ ಉಳಿಸಿಕೊಂಡು ಪ್ರತಿ ಮಾಡಿದರೆ ಎರಡು ಬೇರೆ ಫೈಲ್‌ಗಳಿಗೆ ಒಂದೇ ಇ-ಟ್ಯಾಗ್. ಟಚ್ ಆದೇಶವೇ ಇದಕ್ಕೂ ಮದ್ದು.

ಕ್ಯಾಶ್-ಕಂಟ್ರೋಲ್ ಹೆಡರ್ ಇಲ್ಲದಿದ್ದರೆ ಬ್ರೌಸರ್ ಯಾವಾಗಲೂ ಹೊಸದನ್ನೇ ತರುತ್ತದೆ ಎಂಬ ನಂಬಿಕೆ ತಪ್ಪು. ವೆಬ್ ಕ್ಯಾಶ್‌ನ ನಿಯಮ ಹೇಳುವ 2022ರ ಆರ್‌ಎಫ್‌ಸಿ 9111 ಎಂಬ ದಾಖಲೆಯ ಪ್ರಕಾರ, ಏನೂ ಹೇಳದಿದ್ದಾಗ ಬ್ರೌಸರ್ ತಾನೇ ಅಂದಾಜು ಕಟ್ಟಬಹುದು. ಕೊನೆಯ ಬದಲಾವಣೆಯಿಂದ ಕಳೆದ ಕಾಲದ 10 ಶೇಕಡಾ ಎಂಬುದು ರೂಢಿಯ ಲೆಕ್ಕ. ನೂರು ದಿನ ಮುಟ್ಟದ ಪುಟವನ್ನು ಹತ್ತು ದಿನ ತಾಜಾ ಎಂದು ಅದು ಭಾವಿಸಬಹುದು.

ಡಿಸೇಬಲ್ ಕ್ಯಾಶ್ ಎಂಬ ಗುರುತು ಹಾಕಿ ಪರೀಕ್ಷಿಸಿ "ನನಗೆ ಸರಿಯಾಗಿಯೇ ಬರುತ್ತಿದೆ" ಎನ್ನುವವರು ಬಹಳ. ಆ ಆಯ್ಕೆ ಕೆಲಸ ಮಾಡುವುದು ಟೂಲ್ಸ್ ತೆರೆದಿರುವಾಗ, ನಿಮ್ಮ ಬ್ರೌಸರ್‌ನಲ್ಲಿ ಮಾತ್ರ. ರೈತರ ಮೊಬೈಲಿನಲ್ಲಿ ಅದು ಇಲ್ಲ. ಕಂಟ್ರೋಲ್ ಎಫ್5 ಒತ್ತಿ ಎಂದು ಗ್ರಾಹಕರಿಗೆ ಹೇಳುವುದೂ ಪರಿಹಾರವಲ್ಲ. ಎಲ್ಲ ಸರಿಯಿದ್ದೂ ಹಳೆಯದೇ ಬರುತ್ತಿದ್ದರೆ ಡೆವಲಪರ್ ಟೂಲ್ಸ್‌ನ ಅಪ್ಲಿಕೇಶನ್ ಭಾಗದಲ್ಲಿ ಸರ್ವಿಸ್ ವರ್ಕರ್ (ಪುಟಕ್ಕೂ ಸರ್ವರ್‌ಗೂ ನಡುವೆ ಬ್ರೌಸರ್‌ನಲ್ಲೇ ಓಡುವ ಸ್ಕ್ರಿಪ್ಟ್) ನೋಂದಣಿಯಾಗಿದೆಯೇ ನೋಡಿ. ಹಿಂದಿನ ತಂಡ ಬಿಟ್ಟುಹೋದದ್ದು ಇನ್ನೂ ಹಳೆಯ ಪುಟವನ್ನು ಹಂಚುತ್ತಿರಬಹುದು.

## ಹಂತ 9: ಮರುಕಳಿಸದಂತೆ ಹೆಡರ್ ಹಾಕುವುದು

ಎಚ್‌ಟಿಎಂಎಲ್, ಜೆಎಸ್‌ಪಿ ಪುಟಗಳಿಗೆ ಕ್ಯಾಶ್-ಕಂಟ್ರೋಲ್‌ನಲ್ಲಿ ನೋ-ಕ್ಯಾಶ್. ಇದರ ಅರ್ಥ ಉಳಿಸಿಕೊಳ್ಳಬೇಡ ಎಂದಲ್ಲ, ಬಳಸುವ ಮೊದಲು ಪ್ರತಿ ಸಲ ಸರ್ವರನ್ನು ಕೇಳು ಎಂದು. ಅಂಕಪಟ್ಟಿ, ಖಾತೆ ವಿವರದಂಥ ವೈಯಕ್ತಿಕ ಪುಟಗಳಿಗೆ ನೋ-ಸ್ಟೋರ್. ಉಳಿಸಲೇಬಾರದು ಎಂಬುದು ಇದು. ಜಾವಾ ಫಿಲ್ಟರ್ ಒಂದರಲ್ಲಿ ಹತ್ತು ಸಾಲಿನ ಕೆಲಸ.

ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಫೈಲ್‌ಗಳ ಹೆಸರಿನಲ್ಲೇ ಆವೃತ್ತಿಯ ಸಂಖ್ಯೆ ಸೇರಿಸಿದರೆ ಮಾತ್ರ ದೀರ್ಘ ಅವಧಿ, 31536000 ಸೆಕೆಂಡ್, ಅಂದರೆ ಒಂದು ವರ್ಷ ಕೊಡಿ. ಹೆಸರು ಬದಲಾಗದ ಫೈಲ್‌ಗೆ ಒಂದು ವರ್ಷ ಕೊಟ್ಟರೆ ಅದನ್ನು ಹಿಂಪಡೆಯುವ ಉಪಾಯ ನಿಮ್ಮ ಕೈಯಲ್ಲಿ ಇರುವುದಿಲ್ಲ; ಆ ಮಾತು ಈಗಾಗಲೇ ಸಾವಿರ ಮೊಬೈಲ್‌ಗಳಿಗೆ ಹೋಗಿರುತ್ತದೆ. ಫೈಲ್‌ನ ಹೆಸರನ್ನೇ ಬದಲಾಯಿಸುವುದೊಂದೇ ದಾರಿ.

ಇಷ್ಟಾದ ಮೇಲೆ ಗುರುತಿನ ಸಮಯವನ್ನು ಮತ್ತೊಮ್ಮೆ ಬದಲಾಯಿಸಿ, ಹಂತ 2ನ್ನು ಮೊದಲಿನಿಂದ ಓಡಿಸಿ: ಸರ್ವರ್ ಒಳಗಿನಿಂದ, ಹೊರಗಿನಿಂದ, ಕೊನೆಗೆ ಕಚೇರಿಯ ವೈಫೈ ಆರಿಸಿದ ಮೊಬೈಲಿನಿಂದ. ಮೂರೂ ಕಡೆ ಒಂದೇ ಸಮಯ ಕಂಡರೆ ಟಿಪ್ಪಣಿಯನ್ನು ತೆಗೆಯಿರಿ. ಯಾವ ಪದರದಲ್ಲಿ ಸಿಕ್ಕಿತು, ಯಾವ ಸಾಲು ಬದಲಾಯಿಸಿದಿರಿ ಎಂಬುದನ್ನು ಆ ಕಾಗದದ ಮೇಲೆಯೇ ದಿನಾಂಕ ಸಮೇತ ಬರೆದು ಸರ್ವರ್ ಕಡತಕ್ಕೆ ಹಚ್ಚಿ.